ಕಾಪೋ ಇನ್ ಬಿ

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಹೋದ ಶುಕ್ರವಾರವೇ ನಿಮ್ಮ ಕೈ ಸೇರಬೇಕಿತ್ತು. ತಪ್ಪು ನನ್ನದೇ. ಸಂಪಾದಕರು ಊರಲ್ಲಿರಲಿಲ್ಲ. ನಾಲ್ಕು ದಿನ ಇಟಲಿಯ ಟ್ರಿಯೆಸ್ಟೆಗೆ ಹೋಗಿದ್ದರು, ಅದೂ ಒಬ್ಬರೇ.

"ಒಬ್ಳೇ ಹೋಗ್ತೀಯಾ? ಮತ್ತೆ ಅಲ್ಲಿ ಯಾರಿಗೆ ಬೈತೀಯಾ?" ಅಂತ ಮಗಳು ಕೇಳಿದಳು. ಉತ್ತರ ಹೊಳೆಯಲಿಲ್ಲ. ಮ್ಯೂನಿಕ್‌ನಲ್ಲಿ ಬಸ್ಸು ಹತ್ತಿಬಿಟ್ಟೆ.

ಊರಿಂದ ಹಿರಿಯರು ಬಂದಾಗಲೆಲ್ಲ ನಾವು ವೆನಿಸ್ ತೋರಿಸಿ ವಾಪಸ್ ಬರುತ್ತೇವೆ, ಅಲ್ವಾ? ಅಲ್ಲಿಂದ ರೈಲಿನಲ್ಲಿ ಇನ್ನೆರಡು ಗಂಟೆ ಹೋದರೆ, ಸ್ಲೊವೇನಿಯಾ ಗಡಿಗೆ ಅಂಟಿಕೊಂಡು ಈ ಊರಿದೆ. 1918ರ ತನಕ ಆಸ್ಟ್ರಿಯಾ ದೊರೆಗಳ ಬಂದರು. ಮುಖ್ಯ ಚೌಕದ ಮೂರು ಕಡೆ ಅರಮನೆಯಂಥ ಕಟ್ಟಡ, ನಾಲ್ಕನೇ ಕಡೆ ಸಮುದ್ರ. ಪಕ್ಕದಲ್ಲೇ ಮೋಲೋ ಔದಾಚೆ ಅನ್ನುವ ಕಲ್ಲಿನ ಕಟ್ಟೆ, ಇನ್ನೂರು ಮೀಟರಿಗೂ ಜಾಸ್ತಿ ನೀರೊಳಗೆ ಚಾಚಿಕೊಂಡಿದೆ. ಅದರ ತುದಿಯಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಕೂತೆ. ರಾತ್ರಿ ಅಡುಗೆ ಏನು ಅಂತ ಯಾರೂ ಕೇಳಲಿಲ್ಲ. ಚಳಿಗಾಲದಲ್ಲಿ ಬೋರಾ ಅನ್ನುವ ಗಾಳಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿ ಬೀಸುತ್ತದೆ. ಹಿಂದೆ ಜನ ಹಿಡಿದುಕೊಂಡು ನಡೆಯಲಿ ಅಂತ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ. ಗಂಡಸರಿಗೂ ಹೆಂಗಸರಿಗೂ ನಡುವೆ ಬಿಳಿ ಗೋಡೆ ಎಬ್ಬಿಸಿದ ಒಂದು ಈಜುವ ಜಾಗವೂ ಇದೆ. ಗೋಡೆ ಇವತ್ತಿಗೂ ಇದೆ. ಅಜ್ಜಿಯರ ಹರಟೆ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕಾಫಿ. ಅಲ್ಲಿನ ಕಾಫಿಗೆ ಅವರದೇ ಹೆಸರು. ಒಂಚೂರು ಹಾಲು, ನೊರೆ ಹಾಕಿ ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟರೆ ಅದು 'ಕಾಪೋ ಇನ್ ಬಿ'. ಬಿ ಅಂದರೆ ಲೋಟ. ಥೇಟ್ ನಮ್ಮ ಬೈಟು! ನಾನು ಕಾಫಿ ಕುಡಿದ ಅಂಗಡಿಯ ಗೋಡೆಗೆ ಚಂದಕ್ಕೆ ಅಂತ ಹಳೇ ಗೋಣಿಚೀಲಗಳನ್ನು ನೇತುಹಾಕಿದ್ದರು. ಒಂದರ ಮೇಲೆ ಇಂಡಿಯಾ ಅಂತ ಬರೆದಿತ್ತು.

ಮೂಡಿಗೆರೆ ಹತ್ತಿರ ನಮ್ಮದು ಮೂರೆಕರೆ ತೋಟ. ಜನವರಿಯಲ್ಲಿ ಕಣದ ತುಂಬ ಹಣ್ಣು. ಶಾಲೆಯಿಂದ ಬಂದವರೇ ಬರಿಗಾಲಲ್ಲಿ ಗೀರುತ್ತಾ ಕಾಫಿ ತಿರುವಬೇಕು. ಮೋಡ ಕಂಡರೆ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, ರಾಶಿ ಮಾಡಿ ಟಾರ್ಪಾಲು ಹೊದಿಸಲು. ಹಣ್ಣು ಕಪ್ಪಗೆ ಒಣಗಿದ ಮೇಲೆ ಅಪ್ಪ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಿಲಗಿಲ ಅಂದರೆ ಆಯಿತು, ಚೀಲಕ್ಕೆ ತುಂಬು. ಚೀಲ ಲಾರಿ ಹತ್ತಿ ಕ್ಯೂರಿಂಗಿಗೆ, ಅಂದರೆ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವಲ್ಲಿಗೆ ಹೋಗುತ್ತಿತ್ತು. ಆಗೆಲ್ಲ ಬೆಳೆಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ರಾಶಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ. ಹೊಸ ಚಪ್ಪಲಿ ಕೇಳಿದರೂ "ಮುಂದಿನ ಕಂತು ಬರ್ಲಿ" ಅನ್ನುವುದೇ ಅಮ್ಮನ ಉತ್ತರ. ಅಷ್ಟೂ ಕಾಫಿ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಕೇಳಿದ್ದೆ. "ಹಡಗಿಗೆ" ಅಂದರು ಅಪ್ಪ. "ಹಡಗು ಎಲ್ಲಿಗೆ?" "ಯಾರಿಗ್ಗೊತ್ತು, ಹೋಗಿ ತಿರುವು." ನಮ್ಮ ಮನೆಯಲ್ಲಿ ಕುಡಿಯುತ್ತಿದ್ದದ್ದು ಆರಿಸಿ ಉಳಿದ ಒಡಕು ಬೀಜ, ಚಿಕೋರಿ ಸೇರಿಸಿ.

ನಮ್ಮ ದೇಶದ ಕಾಫಿ ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿಯಂತೆ. ಟ್ರಿಯೆಸ್ಟೆ ಅವರ ದೊಡ್ಡ ಕಾಫಿ ಬಂದರು. ಅಂಗಡಿಯ ಗೋಡೆ ಮೇಲಿನ ಆ ಇಂಡಿಯಾ ಚೀಲದ ಮೂಲೆ ಮುಟ್ಟಿ, ಯಾರೂ ನೋಡದ ಹಾಗೆ ಮೂಸಿದೆ. ಬರೀ ಧೂಳು. ಅಪ್ಪನಿಗೆ ಫೋಟೋ ಕಳಿಸಿದೆ. "ಹೊಲಿಗೆ ಚೆನ್ನಾಗಿದೆ" ಅಂತ ಉತ್ತರ ಬಂತು.

ಜಾಗ ಮುಗಿಯುತ್ತಾ ಬಂತು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಬೆಳಿಗ್ಗೆ 10ಕ್ಕೆ, ಎಂದಿನ ಸಭಾಂಗಣದಲ್ಲೇ. ಮಕ್ಕಳ ನಾಟಕಕ್ಕೆ ಹೆಸರು ಕೊಡಲು ಈ ಭಾನುವಾರವೇ ಕೊನೆ. ಕನ್ನಡ ಕಲಿ ತರಗತಿ ಇನ್ನು ಮುಂದೆ 4ಕ್ಕಲ್ಲ, 4.30ಕ್ಕೆ. ಈ ಪತ್ರಿಕೆಯ ಪುಟ ಕಟ್ಟಲು ಯಾರಾದರೂ ಬನ್ನಿ. ಆರು ವರ್ಷವಾಯಿತು, ನಿಜಕ್ಕೂ ಸಾಕಾಗಿದೆ. ಕಾಫಿ ಕೌಂಟರಿಗೂ ಇಬ್ಬರು ಬೇಕು, ಕಳೆದ ಸಲ ಡಿಕಾಕ್ಷನ್ ಹನ್ನೊಂದೂವರೆಗೇ ಖಾಲಿ. ಹಾಂ, ಸಂಘದ ದೊಡ್ಡ ಫಿಲ್ಟರ್ ಯಾರ ಮನೆಯಲ್ಲಿದೆಯೋ, ಬೈಯುವುದಿಲ್ಲ, ತಂದುಕೊಡಿ.