ದ್ವೀಪದಲ್ಲಿ ನೆಲೆ ಕಟ್ಟಿದವರಿಗೂ ಒಂದು ಕಲ್ಲು ನೆಡಿ

ಮಾನ್ಯ ಸಂಪಾದಕರೇ,

ಜನವರಿ 15ರ ಸೇನಾ ದಿನ, 28ರ ಕಾರ್ಯಪ್ಪ ಜಯಂತಿ ಬಂತೆಂದರೆ ಕೊಡಗಿನಲ್ಲಿ ಮಾಜಿ ಸೈನಿಕರ ಸನ್ಮಾನ ಊರೂರಲ್ಲೂ ನಡೆಯುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮರುದಿನದ ವರದಿಯಲ್ಲಿ ‘ನಿವೃತ್ತ ಹವಾಲ್ದಾರ್, ಎಂಜಿನಿಯರ್ ರೆಜಿಮೆಂಟ್’ ಎಂಬ ಒಂದು ಸಾಲು. ಆತ ನಿಕೋಬಾರಿನಲ್ಲೋ ಲಕ್ಷದ್ವೀಪದಲ್ಲೋ ಏನೂ ಇಲ್ಲದ ದಡಕ್ಕೆ ಇಳಿದು ನೆಲೆ ಕಟ್ಟಿದವರಾಗಿದ್ದರೆ, ಅಲ್ಲಿ ಏನು ಮಾಡಿದರು ಅನ್ನುವುದು ಸ್ವಂತ ಊರಿಗೇ ತಿಳಿಯುವುದಿಲ್ಲ. ಯುದ್ಧ ಕಂಡವರನ್ನು ಏನು ಕೇಳಬೇಕೆಂದು ನಮಗೆ ಗೊತ್ತು. ಕಟ್ಟಿದವರನ್ನು ಏನು ಕೇಳಬೇಕೆಂದು ಗೊತ್ತಿಲ್ಲ.

ಜೆಟ್ಟಿ ಇಲ್ಲದ ಕಡೆ ಹಡಗು ಮರಳಿಗೇ ಮೂತಿ ಊರಿ ನಿಲ್ಲುತ್ತದೆ. ಮೊದಲು ಇಳಿಯಬೇಕಾದ ಡೋಜರ್, ಮರಳಿನ ಮೇಲೆ ಹಾಸುವ ಉಕ್ಕಿನ ಹಲಗೆ, ಇವನ್ನು ಬಂದರಿನಲ್ಲಿ ಎಲ್ಲಕ್ಕಿಂತ ಕೊನೆಗೆ ತುಂಬಿರಬೇಕು. ಆ ಕ್ರಮ ತಪ್ಪಿದರೆ ಮೊದಲ ಲಾರಿಯೇ ಅಚ್ಚಿನವರೆಗೆ ಹೂತು ಹಿಂದಿನದೆಲ್ಲ ಹಡಗಿನಲ್ಲೇ ಉಳಿಯುತ್ತದೆ. ಉಬ್ಬರದ ನೀರು ಪೂರ್ತಿ ಇಳಿಯುವ ಮುನ್ನ ಹಡಗು ಹಿಂದೆ ಸರಿಯಲೇಬೇಕು. ದಡಕ್ಕೆ ಬರುವಾಗಲೇ ಹಿಂಬದಿಯ ಲಂಗರು ಬಿಟ್ಟು ಬರುವುದು ಅದಕ್ಕಾಗಿ, ಅದನ್ನು ಹಿಡಿದೆಳೆದೇ ಹಡಗು ಹಿಂದಕ್ಕೆ ಹೋಗುವುದು.

ಆಮೇಲೆ ನೀರು. ಲಕ್ಷದ್ವೀಪದ ಮಿನಿಕಾಯ್‌ನಂಥ ಹವಳದ ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಮೇಲಿನ ಮಟ್ಟ 1 ಅಡಿ ಕುಸಿದರೆ ಅಡಿಯ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದು ಎಂಬುದು ಲೆಕ್ಕ. ಕಾಫಿ ಹೂ ಅರಳಿಸಲು ನಾವು ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆಸುವಂತೆ ದೊಡ್ಡ ಪಂಪ್ ಇಟ್ಟರೆ ಬಾವಿ ಕೆಟ್ಟಂತೆಯೇ. ಹಾಗಾಗಿ ಆಳವಿಲ್ಲದ ಬಾವಿಗಳನ್ನು ದೂರದೂರ ತೋಡಿ, ಸಣ್ಣ ಪಂಪಿನಲ್ಲಿ ನಿಧಾನಕ್ಕೆ ಎತ್ತಬೇಕು. ಉಳಿದದ್ದು ಮಳೆನೀರು. ಕೊಡಗಿನವರಿಗೆ ಇಂಚಿನಲ್ಲೇ ಹೇಳಬಹುದು: 4 ಇಂಚು ಮಳೆ ಬಂದರೆ 100 ಚದರ ಮೀಟರ್ ಛಾವಣಿಯಿಂದ 10,000 ಲೀಟರ್. ತಲೆಗೆ 45 ಲೀಟರ್ ಹಿಡಿದರೂ 100 ಜನಕ್ಕೆ ಅದು ಎರಡೇ ದಿನದ ನೀರು.

ಡೀಸೆಲ್ 200 ಲೀಟರಿನ ಡ್ರಮ್ಮುಗಳಲ್ಲಿ ಬರುತ್ತದೆ. ತುಂಬಿದ್ದು ಒಂದೊಂದೂ 180 ಕೆ.ಜಿ. ದಾಟುತ್ತದೆ, ಅದನ್ನು ಉರುಳಿಸಿಯೇ ಏರಿಸಬೇಕು. ನಿಲ್ಲಿಸಿಟ್ಟರೆ ಮುಚ್ಚಳದ ಸುತ್ತ ಮಳೆನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣಿಯುವಾಗ ಡ್ರಮ್ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಜನರೇಟರಿನ ಇಂಜೆಕ್ಟರ್ ಹಾಳಾಗುತ್ತದೆ. ಡ್ರಮ್ಮಿನ ತಲೆಯ ಎರಡೂ ಬಿರಡೆ ಒಂದೇ ಮಟ್ಟದಲ್ಲಿ, ಎಣ್ಣೆಯೊಳಗೆ ಮುಳುಗಿರುವಂತೆ ಅಡ್ಡ ಮಲಗಿಸಿಡಬೇಕು. ಕಾಂಕ್ರೀಟಿಗೆ ಕಾಲ ಬುಡದಲ್ಲಿರುವ ಮರಳು ಹಾಕುವಂತಿಲ್ಲ, ಉಪ್ಪು ಒಳಗಿನ ಕಂಬಿಯನ್ನು ತಿಂದು ಕಾಂಕ್ರೀಟನ್ನೇ ಸೀಳುತ್ತದೆ. ಮರಳು ಹೊರಗಿನಿಂದ ಬರಬೇಕು. ನಮ್ಮಲ್ಲಿ ಮನೆಯ ತಾರಸಿಗೆ ಕಂಬಿಯ ಮೇಲೆ 20 ಮಿ.ಮೀ. ಕಾಂಕ್ರೀಟಿನ ಹೊದಿಕೆ (ಕವರ್) ಬಿಟ್ಟರೆ, ಕಡಲಂಚಿನಲ್ಲಿ 50 ಮಿ.ಮೀ. ಬೇಕು. ಈ ಕೆಲಸದಲ್ಲಿ ಅಚ್ಚುಕಟ್ಟು ತಪ್ಪಿದ್ದು ಗೊತ್ತಾಗುವುದು ವರ್ಷಗಳ ಮೇಲೆ, ಕಟ್ಟಿದವರು ಪಿಂಚಣಿಗೆ ಬಂದ ಮೇಲೆ.

ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಯ ನೌಕಾನೆಲೆ ಐಎನ್‌ಎಸ್ ಬಾಜ್ 2012ರ ಜುಲೈ 31ರಂದು, ಮಿನಿಕಾಯ್‌ನ ಐಎನ್‌ಎಸ್ ಜಟಾಯು 2024ರ ಮಾರ್ಚ್ 6ರಂದು ಸೇವೆಗೆ ಸೇರಿದವು. ಉದ್ಘಾಟನೆಯ ತಾರೀಖು ಯಾರಿಗಾದರೂ ಸಿಗುತ್ತದೆ. ಇಂಥ ನೆಲೆಗಳಲ್ಲಿ ಮೊದಲ ಬಾವಿ ತೋಡಿದವರ ಹೆಸರು ಎಲ್ಲಿಯೂ ಸಿಗುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿ ಕಾರ್ ನಿಕೋಬಾರಿನ ವಾಯುನೆಲೆಯನ್ನು ಕೊಚ್ಚಿಹಾಕಿದ ಮೇಲೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದವರದೂ ಅದೇ ಕಥೆ.

ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸುತ್ತಿರುವಾಗಲೇ 1965ರ ಡಿಸೆಂಬರ್ 18ರಂದು ತೀರಿಕೊಂಡ ಜನರಲ್ ತಿಮ್ಮಯ್ಯನವರ ನೆನಪಿಗೆ ಆ ದೇಶ ಅಂಚೆಚೀಟಿ ಹೊರತಂದಿತು. ಅವರ ಮನೆ, ಮಡಿಕೇರಿಯ ಸನ್ನಿಸೈಡ್, ಈಗ ವಸ್ತುಸಂಗ್ರಹಾಲಯ. ಅಲ್ಲಿ ಒಂದು ಗೋಡೆಯನ್ನು ಕಟ್ಟಿದ ಕೈಗಳಿಗೆ ಬಿಟ್ಟುಕೊಡಿ ಎಂದು ಜಿಲ್ಲಾಡಳಿತವನ್ನು ಕೇಳುತ್ತೇವೆ.

ಊರಿನವರು ಅಲ್ಲಿಯವರೆಗೆ ಕಾಯಬೇಕಿಲ್ಲ. ಸನ್ಮಾನಕ್ಕೆ ಮುಂಚೆ ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ದಾಖಲೆ) ಕೇಳಿ ನೋಡಿ, ಮನೆತನದ ಹೆಸರು, ಟ್ರೇಡ್ ಅಂದರೆ ಸೇನೆಯಲ್ಲಿ ಮಾಡಿದ ಕಸುಬು, ಘಟಕ, ಸ್ಥಳ, ವರ್ಷ ಬರೆದುಕೊಳ್ಳಿ. ಪ್ಲಂಬರ್ ಆಗಿದ್ದರೆ ಪ್ಲಂಬರ್ ಎಂದೇ ಬರೆಯಿರಿ, ಅದು ಸಣ್ಣ ಮಾತಲ್ಲ. ಊರಲ್ಲಿ ನೆಡುವ ಕಲ್ಲಿನ ಮೇಲೆ ‘ಇಂಥ ದ್ವೀಪದಲ್ಲಿ ನೀರಿನ ವ್ಯವಸ್ಥೆ ಮಾಡಿದವರು’ ಎಂಬ ಒಂದು ಸಾಲು ಇರಲಿ. ರಾಡಾರ್, ಆಯುಧ, ಇಂಧನದ ಜಾಗದ ವಿವರ ಬೇಡ. ಬಣ್ಣದ ಬೋರ್ಡ್ ನಮ್ಮ ಮಳೆಗೆ ಕೆಲವೇ ವರ್ಷದಲ್ಲಿ ಸುಲಿದುಹೋಗುತ್ತದೆ, ಗ್ರಾನೈಟಿನಲ್ಲಿ ಆಳವಾಗಿ ಕೊರೆಸಿ. ಡಿಸ್ಚಾರ್ಜ್ ಬುಕ್ಕಿನ ಹಾಳೆಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟುತ್ತವೆ. ಬಿಸಿಲಿರುವ ಈ ತಿಂಗಳುಗಳಲ್ಲೇ ಪ್ರತಿ ಪುಟದ ಫೋಟೊ ತೆಗೆದಿಡಿ.

– ನಿವೃತ್ತ ಎಂಜಿನಿಯರ್ ಸೈನಿಕರು, ಮಡಿಕೇರಿ ತಾಲ್ಲೂಕು