ಸರ್ವರ್‌ಗೆ ಕಾವಲಿದೆ, ಚಿಲ್ಲರ್‌ಗೆ ಇಲ್ಲ: ಮಹಾರಾಷ್ಟ್ರದ ಐಟಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನವಿ ಮುಂಬೈಯ ಐರೋಲಿಯಿಂದ ಮಹಾಪೆವರೆಗೆ ಸಾಲಾಗಿ ಎದ್ದಿರುವ ಡೇಟಾ ಸೆಂಟರ್‌ಗಳಲ್ಲಿ ಒಂದರಲ್ಲಿ ನನ್ನ ಕೆಲಸ. ಸರ್ವರ್ ನೋಡುವವನಲ್ಲ. ಚಿಲ್ಲರ್ (ಕೂಲಿಂಗ್‌ಗೆ ನೀರು ತಣ್ಣಗೆ ಮಾಡುವ ಯಂತ್ರ), ಯುಪಿಎಸ್, ಡೀಸೆಲ್ ಜನರೇಟರ್ ನೋಡಿಕೊಳ್ಳುವ ಶಿಫ್ಟ್ ಎಂಜಿನಿಯರ್. ಊರು ಕಾರ್ಕಳದ ಕಡೆ. ಇದರ ಮರಾಠಿ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಇಲ್ಲಿನ ಶಿಫ್ಟ್‌ಗಳಲ್ಲಿ ನಮ್ಮ ಕಡೆಯ ಹುಡುಗರೂ ಇದ್ದಾರೆ, ಅವರೂ ಓದಲಿ ಎಂದು ಕನ್ನಡದಲ್ಲೂ ಹಾಕುತ್ತಿದ್ದೇನೆ.

ಸಮುದ್ರದಡಿಯ ಕೇಬಲ್‌ಗಳು ಮುಂಬೈಯಲ್ಲಿ ದಡ ಸೇರುತ್ತವೆ. ಬ್ಯಾಂಕುಗಳು, ಷೇರುಪೇಟೆ ಎಲ್ಲ ಇಲ್ಲೇ. ಹಾಗಾಗಿ ದೇಶದ ಡೇಟಾ ಸೆಂಟರ್‌ಗಳ ದೊಡ್ಡ ಪಾಲೂ ಇಲ್ಲೇ ಬಂದು ಕೂತಿದೆ. 2023ರ ಐಟಿ ನೀತಿಯಲ್ಲಿ ಸರ್ಕಾರ ಈ ಉದ್ಯಮಕ್ಕೆ ರಿಯಾಯಿತಿಗಳನ್ನೂ ಕೊಟ್ಟಿತು. ಬೇಡ ಎನ್ನಲಾರೆ, ನನ್ನ ಸಂಬಳವೂ ಅದರಿಂದಲೇ. ಆದರೆ ಆ ರಿಯಾಯಿತಿಗೆ ಒಂದು ಷರತ್ತು ಸೇರಿಸಿ ಸರ್. ಕಟ್ಟಡವನ್ನು ನಡೆಸುವ ಸಾಫ್ಟ್‌ವೇರ್ ಕೂಡ ಹೊರಗಿನವರಿಂದ ತಪಾಸಣೆಯಾಗಬೇಕು.

ನಮ್ಮಲ್ಲಿ ಅದಕ್ಕೆ ಬಿಎಂಎಸ್ ಅಂತೀವಿ. ಯಾವ ಪಂಪ್ ಓಡಬೇಕು, ನೀರು ಎಷ್ಟು ತಣ್ಣಗಿರಬೇಕು ಎಂಬುದೆಲ್ಲ ಅದರ ಕೈಯಲ್ಲಿದೆ. ಸರ್ವರ್ ಹಾಲ್‌ಗೆ ಹೋಗಬೇಕಾದರೆ ಬೆರಳಚ್ಚು, ಕಾರ್ಡ್, ಕ್ಯಾಮೆರಾ, ರಿಜಿಸ್ಟರ್ ಎಲ್ಲ ದಾಟಬೇಕು. ಬಿಎಂಎಸ್‌ಗೆ? ವೆಂಡರ್ ಕಂಪನಿಯ ಹುಡುಗ ತನ್ನ ಊರಲ್ಲೇ ಕೂತು ಲಾಗಿನ್ ಆಗುತ್ತಾನೆ. ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇರುತ್ತದೆ. ಒಂದೇ ಪಾಸ್‌ವರ್ಡನ್ನು ನಾಲ್ಕಾರು ಜನ ಬಳಸುವುದನ್ನು ನಾನೇ ನೋಡಿದ್ದೇನೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2022ರ ಮಾರ್ಚ್‌ನಲ್ಲಿ ಅರ್ಮಿಸ್ ಎಂಬ ಭದ್ರತಾ ಕಂಪನಿ ಎಪಿಸಿ ಬ್ರ್ಯಾಂಡಿನ ಸ್ಮಾರ್ಟ್-ಯುಪಿಎಸ್‌ಗಳಲ್ಲಿ ಮೂರು ದೋಷಗಳನ್ನು ತೋರಿಸಿತು. ದೂರದಿಂದಲೇ ಯುಪಿಎಸ್ ಅನ್ನು ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಮರುವರ್ಷ ಟ್ರೆಲಿಕ್ಸ್ ಎಂಬ ಇನ್ನೊಂದು ಭದ್ರತಾ ಕಂಪನಿಯವರು ಡೇಟಾ ಸೆಂಟರ್‌ಗಳ ವಿದ್ಯುತ್ ನಿರ್ವಹಣೆ ಸಾಫ್ಟ್‌ವೇರ್‌ನಲ್ಲೂ ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಿಡಿಯುಗಳಲ್ಲೂ ಇಂಥದ್ದೇ ದೋಷಗಳನ್ನು ಹುಡುಕಿದರು. ಕರೆಂಟ್ ಹೋದಾಗ ಕಾಯಬೇಕಾದ ಪೆಟ್ಟಿಗೆಯೇ ಕರೆಂಟ್ ತೆಗೆಯುವಂತಾದರೆ ಏನು ಮಾಡೋಣ?

ದೋಷ ಸರಿಪಡಿಸುವ ಪ್ಯಾಚ್ ಬಂದಿದೆಯಲ್ಲ, ಹಾಕಿ ಎನ್ನುತ್ತಾರೆ. ಯುಪಿಎಸ್‌ಗೆ ಪ್ಯಾಚ್ ಹಾಕಲು ಕೆಲವೊಮ್ಮೆ ಅದನ್ನು ಬೈಪಾಸ್‌ಗೆ ಹಾಕಬೇಕು. ಅಷ್ಟು ಹೊತ್ತು ಗ್ರಾಹಕರ ಸರ್ವರ್‌ಗೆ ಬ್ಯಾಟರಿಯ ರಕ್ಷಣೆ ಇರುವುದಿಲ್ಲ. ಯಾವ ಬ್ಯಾಂಕ್ ಒಪ್ಪುತ್ತದೆ? ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ. 2023ರ ಫೆಬ್ರವರಿಯಲ್ಲಿ ಹಲವು ದೇಶಗಳ ವಿಎಂವೇರ್ ಸರ್ವರ್‌ಗಳನ್ನು ಹಿಡಿದ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಮುಖ್ಯವಾಗಿ ಬಳಸಿದ್ದು, ಎರಡು ವರ್ಷದ ಹಿಂದೆಯೇ ಪ್ಯಾಚ್ ಬಂದಿದ್ದ ದೋಷವನ್ನು ಎಂದು ಆಗ ಎಚ್ಚರಿಸಲಾಗಿತ್ತು. ಹಾಗಂತ ಬಂದದ್ದನ್ನೆಲ್ಲ ತಕ್ಷಣ ಹಾಕಿದರೂ ಕಷ್ಟ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೂತುಬಿಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಮೊದಲು ಪರೀಕ್ಷೆ ಮಾಡಲು ಬೇರೆ ಯಂತ್ರಗಳು ಬೇಕು. ದೊಡ್ಡ ಕಂಪನಿಗಳಿಗೆ ಅದು ಸಾಧ್ಯ, ಸಣ್ಣವರಿಗೆ ಖರ್ಚು ಜಾಸ್ತಿ. ರಿಯಾಯಿತಿ ಹಣದಲ್ಲಿ ಒಂದು ಪಾಲು ಇದಕ್ಕೆ ಹೋಗಲಿ.

ಸಣ್ಣವರ ವಿಷಯ ಅಂತ ಬಿಡುವಂತಿಲ್ಲ. 2024ರ ಜುಲೈ ಕೊನೆಯಲ್ಲಿ ಒಂದೇ ಸೇವಾ ಕಂಪನಿಯ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಅದನ್ನು ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿಗಳು ಅಲ್ಲಿಗೇ ನಿಂತವು. ಅದರಲ್ಲಿ ಸಹಕಾರಿ ಬ್ಯಾಂಕುಗಳೂ ಇದ್ದವು. ಮುಂಬೈಯ ಹೋಟೆಲ್ ವ್ಯಾಪಾರದವರಿಗೆ ಆ ಬ್ಯಾಂಕುಗಳು ಎಷ್ಟು ಹತ್ತಿರ ಎಂದು ನಿಮಗೆ ಗೊತ್ತಿರಬಹುದು.

ಈಗ ಎಐ. ಸರ್ವರ್‌ಗಳನ್ನು ಜೋಡಿಸಿಡುವ ಮಾಮೂಲಿ ರ್ಯಾಕ್ 5ರಿಂದ 10 ಕಿಲೋವ್ಯಾಟ್ ತಿನ್ನುತ್ತದೆ. ಎನ್‌ವಿಡಿಯಾ ಕಂಪನಿಯ 72 ಜಿಪಿಯು (ಎಐ ಚಿಪ್) ಇರುವ ರ್ಯಾಕ್ ಒಂದಕ್ಕೇ ಸುಮಾರು 120 ಬೇಕು. ಅಷ್ಟು ಬಿಸಿಗೆ ಗಾಳಿ ಸಾಲದು, ಕೊಳವೆಯಲ್ಲಿ ದ್ರವ ಹರಿಸಬೇಕು. ಮೊದಲು ಕೂಲಿಂಗ್ ನಿಂತರೆ ಓಡಾಡಿ ಸರಿಮಾಡಲು ಒಂದಿಷ್ಟು ಹೊತ್ತು ಸಿಗುತ್ತಿತ್ತು. ಇಲ್ಲಿ ಅದೂ ಇಲ್ಲ. ಅಂದರೆ ಪಂಪ್‌ನ ಕಂಟ್ರೋಲರ್‌ಗೆ ಕೈಹಾಕಿದವನಿಗೆ ಸರ್ವರ್ ಒಳಗೆ ನುಗ್ಗುವ ಅಗತ್ಯವೇ ಇಲ್ಲ.

ಕೂಲಿಂಗ್ ನಡೆಸಲೂ ಎಐ ಬಂದಿದೆ. ಗೂಗಲ್ 2016ರಲ್ಲೇ ತನ್ನ ಕೂಲಿಂಗ್ ವಿದ್ಯುತ್ತನ್ನು ಶೇ. 40ರವರೆಗೆ ಇಳಿಸಿದ್ದಾಗಿ ಹೇಳಿತ್ತು. ಒಳ್ಳೆಯದೇ. ಆದರೆ ಅದು ನಂಬುವುದು ಸೆನ್ಸರ್ ಹೇಳಿದ್ದನ್ನು. ಸೆನ್ಸರ್‌ಗೆ ಯಾರೋ ಸುಳ್ಳು ಹೇಳಿಸಿದರೆ? ಮಿತಿ ದಾಟಿದಾಗ ಸಾಫ್ಟ್‌ವೇರನ್ನು ಕೇಳದೆ ಕೆಲಸ ಮಾಡುವ ತಂತಿಯ ಥರ್ಮೋಸ್ಟಾಟ್ ಇರಲೇಬೇಕು ಎಂದು ಷರತ್ತಿನಲ್ಲಿ ಬರೆಯಿರಿ. ಇನ್ನು ನಮ್ಮ ಹುಡುಗರು ಅಲಾರ್ಮ್ ಅರ್ಥವಾಗದಿದ್ದರೆ ಇಡೀ ಲಾಗ್ (ಯಂತ್ರದ ದಾಖಲೆ) ಅನ್ನೇ ಚಾಟ್‌ಬಾಟ್‌ಗೆ ಹಾಕಿ ಕೇಳುತ್ತಾರೆ. ಕಟ್ಟಡದ ಒಳವಿವರ ಹೊರಗೆ ಹೋಗುತ್ತದೆ, ಆದರೆ ಬೈದು ಪ್ರಯೋಜನ ಇಲ್ಲ. ರಾತ್ರಿ ಮೂರಕ್ಕೆ ಬೇರೆ ಯಾರನ್ನು ಕೇಳುತ್ತಾರೆ?

ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ಆದೇಶದಲ್ಲಿ, ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಿ, 180 ದಿನದ ಲಾಗ್ ಇಡಿ ಎಂದಿದೆ. ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳ ಮೇಲಿನ ದಾಳಿಯೂ ಅದರ ಪಟ್ಟಿಯಲ್ಲಿದೆ. ಆದರೆ ಹಳೇ ಚಿಲ್ಲರ್ ಕಂಟ್ರೋಲರ್‌ಗಳಲ್ಲಿ ಅಷ್ಟು ದಿನದ ಲಾಗ್ ಉಳಿಯುವುದೇ ಇಲ್ಲ. ಚಿಲ್ಲರ್ ಟ್ರಿಪ್ ಆದರೆ ‘ತಾಂತ್ರಿಕ ದೋಷ’ ಎಂದು ಬರೆದು ಶಿಫ್ಟ್ ಮುಗಿಸುತ್ತೇವೆ. 2020ರ ಅಕ್ಟೋಬರ್ 12ರಂದು ಮುಂಬೈಗೆ ಕರೆಂಟ್ ಹೋದದ್ದು ನೆನಪಿದೆಯಲ್ವಾ? ಅದರಲ್ಲಿ ಸೈಬರ್ ಕೈವಾಡದ ಶಂಕೆ ಇದೆ ಎಂದರು ಅಂದಿನ ರಾಜ್ಯ ಗೃಹ ಸಚಿವರು. ಮನುಷ್ಯರ ತಪ್ಪು ಎಂದರು ಕೇಂದ್ರದ ಇಂಧನ ಸಚಿವರು. ನಾಳೆ ನಮ್ಮ ಕಟ್ಟಡದ ವಿಷಯದಲ್ಲಿ ಅಂಥ ಪ್ರಶ್ನೆ ಎದ್ದರೆ ತೋರಿಸಲು ನಮ್ಮ ಹತ್ತಿರ ದಾಖಲೆಯೇ ಇರುವುದಿಲ್ಲ.

ರಾಜ್ಯದ ಸೈಬರ್ ಅಪರಾಧ ಮತ್ತು ಭದ್ರತೆ ನೋಡುವ ಮಹಾರಾಷ್ಟ್ರ ಸೈಬರ್‌ನ ಕೇಂದ್ರ ಇರುವುದು ಮಹಾಪೆಯಲ್ಲೇ, ನಮ್ಮ ಪಕ್ಕದಲ್ಲೇ. ಅಲ್ಲಿನ ಅಧಿಕಾರಿಗಳನ್ನು ನಮ್ಮ ಪ್ಲಾಂಟ್ ರೂಮ್‌ಗೆ ಕಳಿಸಿ. ವಿದ್ಯುತ್ ಕಂಪನಿ, ಅಗ್ನಿಶಾಮಕ ದಳ, ಡೇಟಾ ಸೆಂಟರ್‌ನವರು ಎಲ್ಲ ಸೇರಿ ಒಂದು ಅಣಕು ಕಾರ್ಯಾಚರಣೆ ನಡೆಯಲಿ. ಅದು ಮೇ ತಿಂಗಳ ರಾತ್ರಿಯೇ ಆಗಲಿ. ಸೆಕೆ ಜಾಸ್ತಿ, ರಜೆ ಹಾಕಿ ಊರಿಗೆ ಹೋದವರೂ ಜಾಸ್ತಿ. ತಪ್ಪು ಸಿಕ್ಕ ಕಂಪನಿಯ ಹೆಸರು ಹೊರಗೆ ಬರುವುದಿಲ್ಲ ಎಂದು ನೀವು ಮೊದಲೇ ಬರೆದುಕೊಡಬೇಕು, ಇಲ್ಲದಿದ್ದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಷರತ್ತಿನ ಆದೇಶ ಮಾತ್ರ ಎಂಐಡಿಸಿ (ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ) ಮುಂದಿನ ಡೇಟಾ ಸೆಂಟರ್‌ಗೆ ಜಾಗ ಕೊಡುವ ಮೊದಲೇ ಹೊರಡಲಿ. ಕಟ್ಟಿ ಮುಗಿಸಿದ ಮೇಲೆ ಕೇಬಲ್ ಬದಲಿಸುವ ಕೆಲಸ ಎಷ್ಟು ಕಷ್ಟ ಎಂದು ನಮಗೆ ಗೊತ್ತು.

ಇಂತಿ,
ನವಿ ಮುಂಬೈಯ ಒಬ್ಬ ಶಿಫ್ಟ್ ಎಂಜಿನಿಯರ್