ಅಕ್ಕನಿಗೆ, ಮತ್ತು ಜೊತೆಗಿದ್ದ ಎಲ್ಲರಿಗೂ

ಕಳೆದ ವಾರ ನಮ್ಮ ಸಾಹೇಬರ, ಅಂದರೆ ನಾನು ಕೆಲಸ ಮಾಡುತ್ತಿದ್ದ ರಾಜಕಾರಣಿಯ, ಕಚೇರಿಯ ಕೆಲಸ ಬಿಟ್ಟೆ. ಜಗಳ ಆಡಿಕೊಂಡು ಅಲ್ಲ. ಇಷ್ಟು ವರ್ಷ ಅವರ ಮಾಧ್ಯಮ ಕಾರ್ಯದರ್ಶಿಯಾಗಿ ಅವರ ಮಾತನ್ನು ಜಿಲ್ಲೆಗೆ ತಲುಪಿಸಿದೆ. ಇನ್ನು ಮುಂದೆ ಇದೇ ಕೆಲಸವನ್ನು ಸ್ವಂತವಾಗಿ, ನಮ್ಮ ಚಿಕ್ಕಮಗಳೂರಲ್ಲೇ ಕೂತು ಮಾಡುತ್ತೇನೆ. ಸಾಹೇಬರಿಗೆ ಮೊದಲೇ ಹೇಳಿದ್ದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಒಳ್ಳೇದಾಗ್ಲಿ ಕಣಮ್ಮಾ, ಫೋನ್ ಮಾತ್ರ ಎತ್ತು" ಅಂದರು. ಅವರಿಗೆ ನನ್ನ ಮೊದಲ ಧನ್ಯವಾದ.

ಅಪ್ಪನ ವಿಷಯದಲ್ಲಿ ಕಳೆದ ವರ್ಷ ಏನೇನಾಯಿತು ಅಂತ ಇಲ್ಲಿ ಮತ್ತೆ ಬರೆಯಲ್ಲ. ಇದನ್ನು ಓದುತ್ತಿರುವ ಬಹಳ ಜನ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಜೊತೆ ಕೂತವರೇ. ಅಪ್ಪ ಈಗ ಬೆಳಿಗ್ಗೆ ಎದ್ದು ತಾವೇ ಪೇಪರ್ ತಂದು ಓದುತ್ತಾರೆ, ಅಷ್ಟು ಸಾಕು.

ನನ್ನ ಕೆಲಸ ಏನು ಅಂತ ನೆಂಟರಿಗೆ ವಿವರಿಸುವುದು ಯಾವಾಗಲೂ ಕಷ್ಟ. ಸಭೆ ಕೊಪ್ಪದಲ್ಲೋ ಕಳಸದಲ್ಲೋ ಮುಗಿಯುತ್ತದೆ. ಪತ್ರಿಕೆಗಳ ಜಿಲ್ಲಾ ಪುಟ ಸಂಜೆಯೇ ಕಟ್ಟಲು ಶುರುವಾಗಿರುತ್ತದೆ. ಅಷ್ಟರೊಳಗೆ ಪ್ರೆಸ್‌ನೋಟ್, ಫೋಟೋ, ಫೋಟೋದಲ್ಲಿ ಇರುವವರ ಹೆಸರು ಎಲ್ಲ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ. ಗಾಡಿ ಓಡಿಸುವ ಅಣ್ಣ ಯಾವ ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ ಅಂತ ನೆನಪಿಟ್ಟುಕೊಂಡು ಅಲ್ಲೇ ನಿಲ್ಲಿಸುತ್ತಿದ್ದರು. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಾಯಿಸಿದರೆ ಒತ್ತಕ್ಷರ ಎಲ್ಲಿ ಒಡೆದುಹೋಗಿದೆ ಅಂತ ಮೊಬೈಲಿನ ಬೆಳಕಲ್ಲಿ ಹುಡುಕಿ ತಿದ್ದಿ ಕಳಿಸಬೇಕಿತ್ತು. ಆ ಅಣ್ಣನ ಋಣ ದೊಡ್ಡದು.

ನನಗೆ ಕೆಲಸ ಕಲಿಸಿದವರು ಊರಿನ ಹಿರಿಯ ವರದಿಗಾರರೊಬ್ಬರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ನಮ್ಮ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ನಿಂತಾಗ ಅವರಿನ್ನೂ ಹುಡುಗ. ವೀರೇಂದ್ರ ಪಾಟೀಲರನ್ನು ಇಂದಿರಾ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಮತದಲ್ಲಿ ಸೋಲಿಸಿದ್ದು, ಗೆದ್ದ ಮರುತಿಂಗಳೇ ಲೋಕಸಭೆ ಅವರನ್ನು ಹೊರಹಾಕಿದ್ದು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳುತ್ತಾರೆ. ದೇಶ ವಿದೇಶದ ಪತ್ರಕರ್ತರು ನಮ್ಮೂರಿಗೆ ಬಂದು ಬರೆದು ಹೋದರಂತೆ. "ಅವರೆಲ್ಲ ವಾಪಸ್ ಹೋದ್ರು. ನಾವು ಮಾರನೇ ದಿನವೂ ಅದೇ ಜನರ ಮುಖ ನೋಡ್ಬೇಕು" ಅನ್ನುತ್ತಿದ್ದರು. ನನ್ನ ಪ್ರೆಸ್‌ನೋಟಿನಲ್ಲಿ ಹೊಗಳಿಕೆಯ ಪದಗಳಿಗೆಲ್ಲ ಗೆರೆ ಎಳೆದು, ಊರಿನ ಹೆಸರು, ವ್ಯಕ್ತಿಯ ಹೆಸರು, ಅನುದಾನದ ಮೊತ್ತ, ಈ ಮೂರನ್ನು ಮಾತ್ರ ಉಳಿಸಿ ಕೊಡುತ್ತಿದ್ದರು. ಸರ್, ಆ ಗೆರೆಗಳೇ ನನ್ನ ಓದು. ನಿಮಗೆ ನಮಸ್ಕಾರ.

ಈಗ ಅಕ್ಕನ ವಿಷಯ.

ಅಕ್ಕ ಅಂದರೆ ಪ್ರೆಸ್ ಅಕ್ಕ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಲ್ಲ. ಊರಿನ ಹಳೇ ಓಣಿಯಲ್ಲಿ ಎರಡು ಕೋಣೆಯ ಪ್ರಿಂಟಿಂಗ್ ಪ್ರೆಸ್. ಮುಂದಿನ ಕೋಣೆಯಲ್ಲಿ ಡಿಟಿಪಿ, ಹಿಂದಿನ ಕೋಣೆಯಲ್ಲಿ ಆಫ್‌ಸೆಟ್ ಮಿಷಿನ್. ಮದುವೆ ಕಾರ್ಡಿನಿಂದ ಹಿಡಿದು ಕಾಫಿ ಕ್ಯೂರಿಂಗ್‌ನವರ ಬಿಲ್ ಬುಕ್ ತನಕ ಎಲ್ಲ ಅಲ್ಲೇ. ಚುನಾವಣೆ ಬಂದರೆ ಎಲ್ಲಾ ಪಕ್ಷದವರೂ ಅವರ ಹತ್ತಿರವೇ ಬರುತ್ತಾರೆ. ಬೆಳಿಗ್ಗೆ ಒಬ್ಬರ ಕರಪತ್ರ, ಮಧ್ಯಾಹ್ನ ಅವರ ಎದುರಾಳಿಯದು. ಒಬ್ಬರ ಪ್ರೂಫ್ ಇನ್ನೊಬ್ಬರ ಕಣ್ಣಿಗೆ ಬಿದ್ದದ್ದು ನಾನಂತೂ ಕಂಡಿಲ್ಲ. ನಾನು ಒಳಗೆ ಹೋದ ಕೂಡಲೇ ಅಕ್ಕ ಮೇಜಿನ ಮೇಲಿನ ಹಾಳೆಗಳನ್ನು ಮಗುಚಿ ಹಾಕುತ್ತಿದ್ದರು. ಆಮೇಲೆ "ಬಾರೇ, ಕಾಫಿ ಕುಡೀತೀಯಾ" ಅನ್ನುತ್ತಿದ್ದರು.

ಚುನಾವಣೆಯ ಕರಪತ್ರಕ್ಕೆ ಕಾನೂನಿದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ. ಮುದ್ರಕರು, ಪ್ರಕಾಶಕರು ಇಬ್ಬರ ಹೆಸರು ವಿಳಾಸ ಇಲ್ಲದೆ ಒಂದು ಹಾಳೆಯನ್ನೂ ಅಚ್ಚು ಹಾಕುವಂತಿಲ್ಲ. ಹಾಕಿಸುವವರು ಘೋಷಣಾ ಪತ್ರಕ್ಕೆ ಸಹಿ ಮಾಡಿ ಎರಡು ಪ್ರತಿ ಕೊಡಬೇಕು, ಅವರನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಸಹಿ ಹಾಕಬೇಕು. ಅಚ್ಚಾದ ಮೇಲೆ ಕರಪತ್ರದ ಒಂದು ಪ್ರತಿ, ಘೋಷಣೆಯ ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಡಿಬಿಡಿಯಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಅನ್ನುವವರೇ ಹೆಚ್ಚು. ಅಕ್ಕ ನೋಡುತ್ತಾರೆ. ಸಹಿ ಬರುವ ತನಕ ಪ್ಲೇಟ್ ಹಾಕಲ್ಲ. "ನಾಳೆ ಕೊಡ್ತೀವಿ ಅಕ್ಕಾ" ಅಂತ ಪಕ್ಷದ ಹುಡುಗರು ಎಷ್ಟು ಗೋಗರೆದರೂ ಅವರದು ಒಂದೇ ಮಾತು, "ನಾಳೆ ಕೊಡಿ, ನಾಳೆನೇ ಪ್ರಿಂಟ್ ಮಾಡ್ತೀನಿ."

ನಾನು ಹೇಳಬೇಕಾದದ್ದು ಒಂದು ಚುನಾವಣೆಯ ಮತದಾನದ ಹಿಂದಿನ ರಾತ್ರಿಯ ವಿಷಯ. ಬಹಿರಂಗ ಪ್ರಚಾರ ಮುಗಿದಿತ್ತು. ಮತದಾನ ಮುಗಿಯುವುದಕ್ಕೆ ಮೊದಲಿನ 48 ಗಂಟೆ ಮೈಕ್ ಇಲ್ಲ, ಸಭೆ ಇಲ್ಲ. ನಮಗೆ ಸ್ವಲ್ಪ ಉಸಿರು ಬಿಡಲು ಸಿಗುವುದೇ ಆಗ. ವರದಿಗಾರ ತಮ್ಮನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಕೆಳಗೆ, "ಮೇಡಂ, ಇದು ನಿಮ್ಮದಾ?" ಅಂತ ಕೇಳಿದ್ದ.

ಅದೊಂದು ಕರಪತ್ರ. ಎದುರು ಅಭ್ಯರ್ಥಿಯ ಹೆಂಡತಿಯ ಬಗ್ಗೆ ಬರೆದಿದ್ದರು. ಏನು ಬರೆದಿದ್ದರು ಅಂತ ನಾನು ಹೇಳುವುದಿಲ್ಲ, ಯಾವತ್ತೂ ಹೇಳಿಲ್ಲ. ಕೆಳಗಿನ ಸಾಲಿನಲ್ಲಿ ಪ್ರಕಾಶಕರು ಅಂತ ನನ್ನ ಹೆಸರು, ಮುದ್ರಣ ಅಂತ ಅಕ್ಕನ ಪ್ರೆಸ್ಸಿನ ಹೆಸರು. ಅಷ್ಟರಲ್ಲಿ ಮೂರ್ನಾಲ್ಕು ಬೀದಿಯಲ್ಲಿ ಬಾಗಿಲ ಸಂದಿಗೆ ತುರುಕಿ ಹೋಗಿದ್ದರು.

ಕೆಟ್ಟ ಮಾತು ನನಗೆ ಹೊಸದಲ್ಲ. ಹೆಣ್ಣುಮಗಳು ರಾತ್ರಿ ಹನ್ನೊಂದಕ್ಕೆ ಪ್ರಚಾರದ ಗಾಡಿಯಿಂದ ಇಳಿದರೆ ಬೀದಿಯಲ್ಲಿ ಏನೇನು ಆಡುತ್ತಾರೆ ಅಂತ ನನಗೆ ಗೊತ್ತು, ಅಮ್ಮನಿಗೂ ಗೊತ್ತು. ಅವೆಲ್ಲ ನನ್ನ ಮೇಲೆ ಬಂದವು, ನುಂಗಿಕೊಂಡೆ. ಇದು ಹಾಗಲ್ಲ. ನನ್ನ ಹೆಸರು ಹಾಕಿ ಇನ್ನೊಬ್ಬ ಹೆಣ್ಣಿನ ಮಾನ ತೆಗೆದಿದ್ದರು. ಆಕೆ ಆ ಹಾಳೆ ಓದುತ್ತಿರುತ್ತಾಳೆ, ಕೊನೆಗೆ ನನ್ನ ಹೆಸರು ನೋಡುತ್ತಾಳೆ. ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೈ ನಡುಗುತ್ತಿತ್ತು, ಫೋನ್ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು, ಎತ್ತುವ ಧೈರ್ಯ ಇರಲಿಲ್ಲ. ಎತ್ತಿ ಏನಂತ ಹೇಳುವುದು? ನಾನಲ್ಲ ಅಂತ ಎಲ್ಲರೂ ಹೇಳುತ್ತಾರೆ.

ಕೈಗೆ ಸಿಕ್ಕ ಒಂದು ಹಾಳೆ ಹಿಡಿದು, ಸ್ಕೂಟಿ ಹಾಕಿಕೊಂಡು ಸೀದಾ ಅಕ್ಕನ ಮನೆಗೆ ಹೋದೆ. ಪ್ರೆಸ್ಸಿನ ಹಿಂದೆಯೇ ಮನೆ. ಅಕ್ಕನಿಗೆ ಆಗಲೇ ಸುದ್ದಿ ಮುಟ್ಟಿತ್ತು. ನನ್ನನ್ನು ನೋಡಿ ಶಟರ್ ಎತ್ತಿದರು. "ಅಳೋದು ಆಮೇಲೆ ಮಾರಾಯ್ತಿ. ಮೊದಲು ಆ ಕಾಗದ ತೋರ್ಸು" ಅಂದರು.

ಟ್ಯೂಬ್‌ಲೈಟಿನ ಕೆಳಗೆ ಹಾಳೆ ಹಿಡಿದು ಅವರು ನೋಡಿದ ರೀತಿ ನನಗೆ ಮರೆಯಲ್ಲ. ಒಳಗೆ ಏನಿದೆ ಅಂತ ಓದಲೇ ಇಲ್ಲ. ಹಾಳೆಯ ಅಂಚು ಬೆರಳಲ್ಲಿ ಸವರಿದರು, ಬೆಳಕಿಗೆ ಎತ್ತಿ ಹಿಡಿದರು, ಅಕ್ಷರದ ಮೇಲೆ ಹೆಬ್ಬೆರಳು ಉಜ್ಜಿದರು. ಶಾಯಿಯಲ್ಲ, ಟೋನರ್ ಪುಡಿ. "ಇದು ಜೆರಾಕ್ಸ್. ಅಕ್ಷರ ತುಂಗಾ ಫಾಂಟು. ನಾನು ನುಡಿ ಬಿಟ್ಟು ಬೇರೆಯದರಲ್ಲಿ ಕರಪತ್ರ ಮಾಡಿದ್ದು ಯಾವತ್ತು ನೋಡಿದೀಯ? ಪ್ರತಿ ಎಷ್ಟು ಅಂತ ಕೆಳಗೆ ಹಾಕೇ ಇಲ್ಲ. ನಾನು ಹಾಕದೆ ಬಿಡ್ತೀನಾ?" ಅಂದು ಬೀರು ತೆಗೆದರು.

ಬೀರುವಿನಲ್ಲಿ ಆ ಚುನಾವಣೆಯ ಒಂದೊಂದು ಕೆಲಸಕ್ಕೂ ಒಂದೊಂದು ಕವರ್. ಒಳಗೆ ಘೋಷಣಾ ಪತ್ರ, ಸಾಕ್ಷಿಗಳ ಸಹಿ, ಅಚ್ಚಾದ ಪ್ರತಿ, ಡಿಸಿ ಕಚೇರಿಗೆ ಕೊಟ್ಟದ್ದಕ್ಕೆ ಸೀಲ್ ಹಾಕಿದ ರಸೀದಿ. ನನ್ನ ಸಹಿ ಇರುವ ಕವರ್‌ಗಳನ್ನೆಲ್ಲ ಒಂದು ಕಡೆ ಜೋಡಿಸಿದರು. ಆ ಹೊತ್ತಿಗೆ ನಮ್ಮ ಹುಡುಗರು ಬಂದರು, ಸಿಟ್ಟಲ್ಲಿದ್ದರು. ಈಗಲೇ ಇದಕ್ಕೆ ಉತ್ತರವಾಗಿ ಒಂದು ಕರಪತ್ರ ಹಾಕಿಬಿಡೋಣ, ಬೆಳಗಾಗುವುದರೊಳಗೆ ಹಂಚುತ್ತೇವೆ ಅಂದರು. ಅಕ್ಕ ಮಿಷಿನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. "ಆಗಲ್ಲ. ನೀವು ಹಾಕಿದ್ರೆ ಅದನ್ನೂ ಇವಳೇ ಬರೆದಿದ್ದು ಅಂತಾರೆ. ಹೋಗಿ ಊಟ ಮಾಡಿ ಮಲಗಿ."

ಆಮೇಲೆ ಅವರು ಮಾಡಿದ ಒಂದು ಕೆಲಸಕ್ಕೆ ನಾನು ಜೀವ ಇರೋವರೆಗೂ ಋಣಿ. ಎದುರು ಅಭ್ಯರ್ಥಿಯ ಚುನಾವಣಾ ಏಜೆಂಟರಿಗೆ ತಾವೇ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹಾಕಿರಲಿಲ್ಲ, ಅಕ್ಕನ ಮಾತಷ್ಟೇ ಕೇಳಿಸಿತು. "ನಿಮ್ಮ ಕೆಲಸ ಇಷ್ಟು ವರ್ಷದಿಂದ ನನ್ನ ಹತ್ರ ಆಗ್ತಿದೆ. ಒಂದ್ಸಲನಾದ್ರೂ ನಿಮ್ಮ ಪ್ರೂಫ್ ಆಚೆ ಹೋಗಿದೆಯಾ? ಇಲ್ಲ ಅಲ್ವಾ? ಹಾಗಾದ್ರೆ ಇವತ್ತು ನನ್ನ ಮಾತು ನಂಬಿ. ಇದು ನನ್ನ ಮಿಷಿನ್ನಿಂದ ಬಂದಿದ್ದಲ್ಲ. ಈ ಹುಡುಗಿ ಇಂಥದ್ದು ಬರೆಯೋಳಲ್ಲ. ಅಮ್ಮಾವ್ರಿಗೆ ಹೇಳಿ, ನಾನು ಹೇಳ್ದೆ ಅಂತ ಹೇಳಿ."

ಅವರು ಹಾಗೆ ಮಾಡಬೇಕಿರಲಿಲ್ಲ. ತನ್ನ ಪ್ರೆಸ್ಸಿನ ದಾಖಲೆ ಮಾತ್ರ ತೋರಿಸಿ, ಬರೆದವರು ಯಾರೋ ನನಗೆ ಗೊತ್ತಿಲ್ಲ ಅಂತ ಕೈತೊಳೆದುಕೊಳ್ಳಬಹುದಿತ್ತು. ಮನೆ ನಡೆಯುವುದು ಆ ಪ್ರೆಸ್ಸಿನಿಂದಲೇ, ಮಗಳ ಕಾಲೇಜು ಫೀಸೂ ಅದರಿಂದಲೇ, ಅದಕ್ಕೆ ಬೀಗ ಬಿದ್ದರೆ ಎಲ್ಲ ನಿಂತುಹೋಗುತ್ತಿತ್ತು. ಆದರೂ ತನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಸೇರಿಸಿಯೇ ಮಾತಾಡಿದರು.

ರಾತ್ರಿಯೇ ಚುನಾವಣಾಧಿಕಾರಿಗೆ ದೂರು ಕೊಟ್ಟೆವು. ಕವರ್‌ಗಳ ಚೀಲವನ್ನು ಅಕ್ಕ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಅಧಿಕಾರಿಗಳು ಒಂದೊಂದೇ ತೆರೆದು ನೋಡಿದರು. ಎದುರು ಪಕ್ಷದವರೂ ಬಂದು ದೂರು ಕೊಟ್ಟರು, ಅದರಲ್ಲಿ ನನ್ನ ಹೆಸರು ಇರಲಿಲ್ಲ, ಅಪರಿಚಿತರು ಅಂತ ಬರೆದಿದ್ದರು. ಆ ಒಂದು ಪದ ನೋಡಿದ ಮೇಲೆ ನನಗೆ ಅಳು ಬಂತು. ಅಕ್ಕ ಏನೂ ಅನ್ನಲಿಲ್ಲ, ಸೆರಗು ಕೊಟ್ಟರು. ಬೆಳಗಿನ ಜಾವ ಮನೆಗೆ ಕರೆದುಕೊಂಡು ಹೋಗಿ ಕಡುಬು ಹಾಕಿ, ತಿನ್ನುವ ತನಕ ಎದುರೇ ಕೂತಿದ್ದರು.

ಮಾಡಿದವರು ಯಾರು ಅಂತ ಇವತ್ತಿಗೂ ತಿಳಿದಿಲ್ಲ. ಆ ಅಮ್ಮಾವ್ರು ಒಂದು ಮದುವೆ ಮನೆಯಲ್ಲಿ ಸಿಕ್ಕಿ ನನ್ನ ಕೈ ಹಿಡಿದುಕೊಂಡರು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಮಕ್ಕಳ ಓದು, ಈ ಸಲದ ಮಳೆ, ಅಷ್ಟೇ ಮಾತು.

ಪ್ರೆಸ್‌ನೋಟ್ ಬರೆಯುವುದನ್ನು ಯಾರಾದರೂ ಕಲಿಯಬಹುದು. ನಾನು ಫೋನಿನಲ್ಲಿ "ಇದು ನಮ್ಮದಲ್ಲ" ಅಂದಾಗ ಆ ಕಡೆಯವರು ನಂಬಬೇಕಲ್ಲ, ನನ್ನ ಕೆಲಸ ನಿಂತಿರುವುದು ಅದರ ಮೇಲೆ. ಆ ರಾತ್ರಿ ನನ್ನ ಮಾತಿಗೆ ಬೆಲೆ ಬಂದಿದ್ದು ಅಕ್ಕನ ಬೀರುವಿನಿಂದ, ಅಕ್ಕನ ಬಾಯಿಂದ.

ಇನ್ನೂ ತುಂಬಾ ಜನ ಇದ್ದಾರೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು, ಚಾರ್ಮಾಡಿ ಘಾಟಿ ಬಂದ್ ಆಗಿ, ದಿನಕ್ಕೊಂದು ಸುಳ್ಳು ಸುದ್ದಿ ಹರಡುತ್ತಿದ್ದಾಗ ಯಾವ ಹೊತ್ತಿನಲ್ಲಿ ಕೇಳಿದರೂ ಸರಿಯಾದ ಮಾಹಿತಿ ಕೊಟ್ಟ ವಾರ್ತಾ ಇಲಾಖೆ, ಕಂದಾಯ ಇಲಾಖೆಯ ಸಿಬ್ಬಂದಿ, ಆಜಾದ್ ಪಾರ್ಕಿನಲ್ಲಿ ಸಾಹೇಬರ ವಿರುದ್ಧ ಧರಣಿ ನಡೆಯುತ್ತಿದ್ದರೂ ನನಗೆ ಕುರ್ಚಿ ಹಾಕಿ ಕೂರಿಸಿದ ಸಂಘಟನೆಯ ಗೆಳೆಯರು, ಕಚೇರಿಯ ಗೆಳತಿಯರು, ತಾಲ್ಲೂಕು ವರದಿಗಾರರು, ಕ್ಯಾಮೆರಾ ಹುಡುಗರು, ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ರಕ್ತ ಬೇಕಾದಾಗ ಕೇಳಿದ ಕೂಡಲೇ ಬಂದವರಲ್ಲಿ ಮೂರು ಪಕ್ಷದವರೂ ಇದ್ದರು. ಅಮ್ಮ ಅದನ್ನು ಇನ್ನೂ ಎಲ್ಲರಿಗೂ ಹೇಳುತ್ತಿರುತ್ತಾಳೆ. ಅಮ್ಮಾ, ನಿನಗೆ ಇಲ್ಲಿ ಬರೆದು ಮುಗಿಸಲು ಆಗಲ್ಲ.

ಮುಂದಿನ ತಿಂಗಳಿಂದ ನನ್ನದೇ ಪುಟ್ಟ ಕಚೇರಿ. ಸಹಕಾರ ಸಂಘ, ಬೆಳೆಗಾರರ ಸಂಘ, ಚುನಾವಣೆಗೆ ನಿಲ್ಲುವವರು, ಯಾರು ಬಂದರೂ ಬರೆದುಕೊಡುತ್ತೇನೆ. ಪಕ್ಷದ ಚಿಹ್ನೆ ಇಲ್ಲದ ಗ್ರಾಮ ಪಂಚಾಯಿತಿ ಚುನಾವಣೆಗೆ ಮೊದಲ ಸಲ ನಿಲ್ಲುವ ಹೆಣ್ಣುಮಕ್ಕಳು ಬಂದರೆ, ಪತ್ರಕರ್ತರ ಹತ್ತಿರ ಹೇಗೆ ಮಾತಾಡಬೇಕು ಅಂತ ದುಡ್ಡು ತಗೊಳ್ಳದೆ ಹೇಳಿಕೊಡುತ್ತೇನೆ. ಯಾರದೇ ಮನೆಯವರ ಬಗ್ಗೆ ಬರೆಯುವ ಕೆಲಸ ಮಾತ್ರ ತರಬೇಡಿ.

ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್ ಅಕ್ಕನ ಪ್ರೆಸ್ಸಿನಲ್ಲೇ ಆಗುತ್ತಿದೆ. ದುಡ್ಡು ಬೇಡ ಅಂದರು. ತಗೊಳ್ಳದಿದ್ದರೆ ಬೇರೆ ಕಡೆ ಮಾಡಿಸುತ್ತೇನೆ ಅಂದೆ. ಬೈದರು, ಆಮೇಲೆ ಬಿಲ್ ಬರೆದರು. ಪೂಜೆಯ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ, ಎಲ್ಲರೂ ಬರಬೇಕು. ನಂಬರ್ ಹಳೆಯದೇ.